ಗರ್ಭಿಣಿಯ ಆಕಾಶಯಾನ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಕನ್ನಡ ನಾಡಿನ ಬಹುಕಾಲದ ರೂಢಿ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿ, ಒಳ್ಳೆಯ ದಿನ ನೋಡಿ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಗಾಡಿಗೆ ದಪ್ಪನಾಗಿ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಎತ್ತುಗಳನ್ನು ಓಡಿಸಕೂಡದೆಂದು ಗಾಡಿ ಹೊಡೆಯುವವನಿಗೆ ಹಿರಿಯರು ಹತ್ತು ಸಲ ಹೇಳುತ್ತಿದ್ದರು. ದಾರಿ ಸಾಮಾನ್ಯವಾಗಿ ಒಂದು ಹಗಲಿನದು. ಈಗ ಅದೇ ಮಗಳು ಅಮೆರಿಕದಲ್ಲೋ ಲಂಡನ್ನಿನಲ್ಲೋ ದುಬೈಯಲ್ಲೋ ಸಂಸಾರ ಹೂಡಿರುತ್ತಾಳೆ. ತವರಿಗೂ ಗಂಡನ ಮನೆಗೂ ನಡುವೆ ಸಮುದ್ರ ಬಂದಿದೆ. ರೂಢಿ ಉಳಿದಿದೆ, ದಾರಿ ಮಾತ್ರ ನೆಲವನ್ನು ಬಿಟ್ಟು ಆಕಾಶವನ್ನು ಹಿಡಿದಿದೆ. ಬಸುರಿ ಹೆಂಗಸು ವಿಮಾನ ಹತ್ತಬಹುದೆ ಎಂಬ ಪ್ರಶ್ನೆ ಹೀಗೆ ನಮ್ಮ ಮನೆಗಳ ಪಡಸಾಲೆಗೆ ಬಂದಿದೆ. ಅಜ್ಜಿ ಕೂಡದೆನ್ನುತ್ತಾಳೆ, ಅಳಿಯಂದಿರು ಟಿಕೆಟ್ಟು ತೆಗೆದಾಯಿತು ಎನ್ನುತ್ತಾರೆ. ಇಬ್ಬರ ಮಾತಿಗೂ ಹಿಂದೆ ಒಂದೊಂದು ಇತಿಹಾಸವುಂಟು.

ಅಜ್ಜಿಯ ಮಾತನ್ನು ಬರಿಯ ಕುರುಡುನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಯು ಬಿಡಬೇಕಾದ ಸಂಗತಿಗಳ ಪಟ್ಟಿಯೊಂದಿದೆ. ಹಗಲುನಿದ್ರೆ, ರಾತ್ರಿಯ ಜಾಗರಣೆ, ಶೋಕ, ಭಯ ಇವುಗಳ ಜೊತೆಯಲ್ಲಿ ಯಾನಾರೋಹಣ, ಎಂದರೆ ವಾಹನ ಏರುವುದು, ಅಲ್ಲಿ ಸೇರಿದೆ. ಚರಕ ಸಂಹಿತೆ ಇದರ ಕಾರಣವನ್ನೂ ತಿಳಿಸುತ್ತದೆ. ವಿಪರೀತವಾಗಿ ಕುಲುಕುವ ವಾಹನಗಳಿಂದ ಗರ್ಭಕ್ಕೆ ಕೇಡಾಗಬಹುದೆಂದು ಅದರ ಅಭಿಪ್ರಾಯ. ಕಲ್ಲುಮುಳ್ಳಿನ ದಾರಿ, ಮರದ ಗಾಲಿ, ನಡುದಾರಿಯಲ್ಲಿ ನೋವು ಕಾಣಿಸಿಕೊಂಡರೆ ಹತ್ತಿರದಲ್ಲಿ ಸೂಲಗಿತ್ತಿಯಿಲ್ಲ. ಇಂಥ ಕಾಲದಲ್ಲಿ ಆಡಿದ ಮಾತು ಅದು. ಆ ವೈದ್ಯರು ಅಂಜಿದ್ದು ಪ್ರಯಾಣವೆಂಬ ಹೆಸರಿಗಲ್ಲ, ದಾರಿಯ ಕುಲುಕಾಟಕ್ಕೆ ಮತ್ತು ಆಸರೆಯಿಲ್ಲದ ಸ್ಥಿತಿಗೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಿಳಿಯಾಗುತ್ತದೆ.

ಶಾಸ್ತ್ರ ಬೇಡವೆಂದರೂ ತುಂಬು ಬಸುರಿಯರು ದಾರಿ ನಡೆಯಬೇಕಾಗಿ ಬಂದುದು ಎಷ್ಟೋ ಸಲ. ಬೌದ್ಧ ಪರಂಪರೆಯ ಪ್ರಕಾರ ಮಾಯಾದೇವಿಯು ಕಪಿಲವಸ್ತುವಿನಿಂದ ಹೊರಟದ್ದು ದೇವದಹವೆಂಬ ತನ್ನ ತವರಿಗೆ, ಹೆರಿಗೆಗೆಂದೇ. ತವರು ಮುಟ್ಟುವ ಮೊದಲೇ ಲುಂಬಿನಿಯ ವನದಲ್ಲಿ ಸಿದ್ಧಾರ್ಥನ ಜನನವಾಯಿತು. ಏಳು ದಿನಗಳಲ್ಲಿ ತಾಯಿ ತೀರಿಕೊಂಡಳು. ನಮ್ಮ ಮಸ್ಕಿಯ ಶಾಸನದಿಂದ ಕನ್ನಡಿಗರಿಗೆ ಪರಿಚಿತನಾದ ಅಶೋಕ ಚಕ್ರವರ್ತಿಯು ಪಟ್ಟಕ್ಕೆ ಬಂದ ಇಪ್ಪತ್ತು ವರ್ಷಗಳ ಮೇಲೆ ಆ ಸ್ಥಳಕ್ಕೆ ಹೋಗಿ, ಬುದ್ಧನು ಹುಟ್ಟಿದ್ದು ಇಲ್ಲಿಯೇ ಎಂದು ಕಂಬದ ಮೇಲೆ ಕೆತ್ತಿಸಿ, ಊರಿನ ಕಂದಾಯವನ್ನು ಇಳಿಸಿದನು. ಆ ಶಾಸನ ಮತ್ತೆ ಬೆಳಕಿಗೆ ಬಂದದ್ದು 1896ರಲ್ಲಿ. ಪ್ರಯಾಣದ ನಡುವೆ ಹುಟ್ಟಿದ ಮಗುವಿನ ಜನ್ಮಸ್ಥಳಕ್ಕೆ ಇಷ್ಟು ಗಟ್ಟಿಯಾದ ದಾಖಲೆ ಬೇರೆ ಕಡೆ ಸಿಗುವುದು ಕಷ್ಟ. ಇನ್ನೊಂದು ಉದಾಹರಣೆ ಹಮೀದಾ ಬಾನು ಬೇಗಮಳದು. ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ಹುಮಾಯೂನನ ಜೊತೆಯಲ್ಲಿ, ಬಸುರಿಯಾಗಿದ್ದ ಈಕೆ 1542ರ ಬೇಸಗೆಯಲ್ಲಿ ಥಾರ್ ಮರುಭೂಮಿಯನ್ನು ದಾಟಿ ಸಿಂಧ್ ಪ್ರಾಂತದ ಅಮರಕೋಟೆಯನ್ನು ಸೇರಿದಳು. ಅದೇ ವರ್ಷ ಅಕ್ಟೋಬರ್ 15ರಂದು ಅಲ್ಲಿ ಅಕ್ಬರನು ಹುಟ್ಟಿದನು.

ನೆಲದ ಕಥೆ ಹೀಗಾದರೆ ನೀರಿನ ಕಥೆ ಇನ್ನೂ ಕಠಿನ. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ ‘ಮೇಫ್ಲವರ್’ ಹಡಗಿನಲ್ಲಿ ಮೂವರು ಗರ್ಭಿಣಿಯರಿದ್ದರು. ಒಬ್ಬಳು ನಡುಗಡಲಿನಲ್ಲಿಯೇ ಹೆತ್ತಳು. ಮಗುವಿಗೆ ಸಾಗರದ ನೆನಪಿಗಾಗಿ ಓಷಿಯಾನಸ್ ಎಂದು ಹೆಸರಿಟ್ಟರು. ಇನ್ನೊಬ್ಬಳು ಹಡಗು ಲಂಗರು ಹಾಕಿದ ಮೇಲೆ ಹೆತ್ತಳು. ಆ ಮಗುವಿಗೆ ಪೆರೆಗ್ರಿನ್, ಎಂದರೆ ಯಾತ್ರಿಕ, ಎಂದು ಹೆಸರಾಯಿತು. ಮೂರನೆಯವಳ ಮಗು ಸತ್ತು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತ, ಮದರಾಸು ಬಂದರುಗಳಿಂದ ಕರಾರಿನ ಕೂಲಿಗಳನ್ನು ದೂರದ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಿದ ಹಡಗುಗಳಲ್ಲಿಯೂ ಹೆರಿಗೆಗಳಾದುವು. ಕಡಲಿನ ಮೇಲೆ ಆದ ಜನನವನ್ನೂ ಮರಣವನ್ನೂ ಹಡಗಿನ ವೈದ್ಯನು ತನ್ನ ವರದಿಯಲ್ಲಿ ಬರೆದಿಡುತ್ತಿದ್ದನು. ವಾರಗಟ್ಟಲೆ, ತಿಂಗಳುಗಟ್ಟಲೆ ಸಾಗುವ ಹಡಗಿನಲ್ಲಿ ಹೆರಿಗೆಯ ದಿನವನ್ನು ತಪ್ಪಿಸಿಕೊಂಡು ಹೋಗುವ ಉಪಾಯವೇ ಇರಲಿಲ್ಲ. ವಿಮಾನ ತಂದ ಮೊದಲನೆಯ ದೊಡ್ಡ ಉಪಕಾರ ಇದೇ: ದಾರಿಯನ್ನು ತಿಂಗಳಿನಿಂದ ಗಂಟೆಗಿಳಿಸಿತು.

ಆದರೆ ಮೊದಮೊದಲಿನ ವಿಮಾನಗಳು ಸುಖದ ವಾಹನಗಳಾಗಿರಲಿಲ್ಲ. ಅಮೆರಿಕದ ಆ್ಯನ್ ಮಾರೊ ಲಿಂಡ್‌ಬರ್ಗ್ ಎಂಬಾಕೆಯ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗನ ಪತ್ನಿ ಈಕೆ. ಮುಂದೆ ಒಳ್ಳೆಯ ಲೇಖಕಿಯೆಂದು ಹೆಸರಾದವಳು. 1930ರ ಏಪ್ರಿಲ್ 20ರಂದು ಗಂಡಹೆಂಡಿರಿಬ್ಬರೂ ಲಾಸ್ ಏಂಜಲೀಸ್‌ನಿಂದ ಹೊರಟು 14 ಗಂಟೆ 45 ನಿಮಿಷಗಳಲ್ಲಿ ನ್ಯೂಯಾರ್ಕನ್ನು ತಲಪಿ, ಆ ದೇಶವನ್ನು ಅಡ್ಡಹಾಯುವ ವೇಗದಲ್ಲಿ ಹೊಸ ದಾಖಲೆ ಮಾಡಿದರು. ದಿಕ್ಕನ್ನು ಲೆಕ್ಕ ಹಾಕಿ ವಿಮಾನಕ್ಕೆ ದಾರಿ ತೋರಿದವಳು ಆ್ಯನ್. ಆಗ ಆಕೆಗೆ ಏಳು ತಿಂಗಳು. ಬಿರುಗಾಳಿಯನ್ನು ತಪ್ಪಿಸಲು ವಿಮಾನವನ್ನು ಬಹಳ ಎತ್ತರಕ್ಕೆ ಏರಿಸಿದರು. ಒಳಗಿನ ಗಾಳಿಯನ್ನು ಹದಮಾಡುವ ಏರ್ಪಾಡು ಆ ವಿಮಾನದಲ್ಲಿರಲಿಲ್ಲ. ಕೊನೆಯ ಗಂಟೆಗಳಲ್ಲಿ ಆಕೆ ತುಂಬ ಅಸ್ವಸ್ಥಳಾದಳು. ಜೂನ್ 22ರಂದು ಗಂಡುಮಗುವಾಯಿತು. ಸಾಹಸವೇನೋ ಮೆಚ್ಚತಕ್ಕದ್ದೇ, ಆದರೆ ಅನುಕರಿಸತಕ್ಕದ್ದಲ್ಲ. ದಾರಿಯ ಕಲ್ಲುಮುಳ್ಳು ತಪ್ಪಿದರೂ ಎತ್ತರದ ತೆಳುಗಾಳಿ ಎಂಬ ಹೊಸ ತೊಡಕು ಎದುರಾಯಿತೆಂಬುದನ್ನು ಆ ಪ್ರಯಾಣ ತೋರಿಸಿತು.

ಈ ತೊಡಕನ್ನು ಬಿಡಿಸಿದ್ದು ಯಂತ್ರಶಿಲ್ಪಿಗಳು. ವಿಮಾನದ ಒಳಕ್ಕೆ ಗಾಳಿಯನ್ನು ಒತ್ತಿ ತುಂಬಿ, ಹೊರಗೆ ಎಷ್ಟೇ ತೆಳುವಾಗಿದ್ದರೂ ಒಳಗೆ ಉಸಿರಾಡಲು ಸಾಕಷ್ಟು ಇರುವಂತೆ ಮಾಡುವ ಉಪಾಯವನ್ನು ಅವರು ಕಂಡುಕೊಂಡರು. ಹೀಗೆ ಒತ್ತಡ ತುಂಬಿದ ಮೊದಲನೆಯ ಪ್ರಯಾಣಿಕರ ವಿಮಾನ, ಬೋಯಿಂಗ್ ಕಂಪೆನಿಯ ‘ಸ್ಟ್ರಾಟೋಲೈನರ್’, 1940ರಲ್ಲಿ ಸೇವೆಗೆ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಬಗೆಯ ವಿಮಾನಗಳೇ ದೂರದ ದಾರಿಗಳನ್ನು ಹಿಡಿದುವು. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರ ಜೂನ್ 8ರಂದು, ಏರ್ ಇಂಡಿಯಾ ಇಂಟರ್‌ನ್ಯಾಷನಲ್ಲಿನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳ ಮೇಲಾಗಿ ಲಂಡನ್ನಿಗೆ ಹಾರಿತು. ಹಡಗಿನಲ್ಲಿ ವಾರಗಳು ಹಿಡಿಯುತ್ತಿದ್ದ ದಾರಿ ಎರಡು ದಿನದ್ದಾಯಿತು. 1960ರಲ್ಲಿ ಜೆಟ್ ವಿಮಾನಗಳು ಬಂದ ಮೇಲೆ ಅದೂ ಕುಗ್ಗಿತು.

ಇಂದಿನ ವಿಮಾನ 35,000ದಿಂದ 40,000 ಅಡಿಗಳ ಎತ್ತರದಲ್ಲಿ ಹಾರುತ್ತದೆ. ಒಳಗಿನ ಗಾಳಿ ಮಾತ್ರ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ತೆಳುವಾಗಿರುತ್ತದೆ. ಹೊಸ ಮಾದರಿಯ ಕೆಲವು ವಿಮಾನಗಳಲ್ಲಿ 6,000 ಅಡಿಯ ಹದ. ಉದಕಮಂಡಲ ಪಟ್ಟಣದ ಎತ್ತರ ಸುಮಾರು 7,300 ಅಡಿ, ದೊಡ್ಡಬೆಟ್ಟದ ತುದಿ 8,650 ಅಡಿ. ಎಂದ ಮೇಲೆ ವಿಮಾನದಲ್ಲಿ ಕುಳಿತವರು ಉಸಿರಾಡುವುದು ಊಟಿಯ ಗಾಳಿಯಷ್ಟು ತೆಳುವಾದ ಗಾಳಿಯನ್ನು. ಊಟಿಯಲ್ಲಿ ಹೆರಿಗೆಗಳು ಆಗುತ್ತಿಲ್ಲವೆ?

ತಾಯಿಗೆ ಸಾಕಾದ ಗಾಳಿ ಒಡಲಿನ ಕೂಸಿಗೆ ಸಾಕೆ ಎಂಬುದು ಮುಂದಿನ ಪ್ರಶ್ನೆ. ಇದರ ಉತ್ತರಕ್ಕೆ ಕೇಂಬ್ರಿಜ್ಜಿನ ಶರೀರವಿಜ್ಞಾನಿ ಜೋಸೆಫ್ ಬಾರ್‌ಕ್ರಾಫ್ಟ್ ಅವರ ದುಡಿಮೆ ನೆರವಾಯಿತು. 1921-22ರಲ್ಲಿ ಅವರು ದಕ್ಷಿಣ ಅಮೆರಿಕದ ಪೆರು ದೇಶದ ಎತ್ತರದ ಪರ್ವತಗಳಿಗೆ ಹೋಗಿ, ತೆಳುಗಾಳಿಯಲ್ಲಿ ಮನುಷ್ಯನ ರಕ್ತ ಹೇಗೆ ಕೆಲಸಮಾಡುತ್ತದೆಂದು ಪರೀಕ್ಷಿಸಿದರು. ಮುಂದಿನ ದಶಕದಲ್ಲಿ ಕುರಿಗಳ ಗರ್ಭವನ್ನು ಅಭ್ಯಾಸಮಾಡಿದರು. ಒಡಲಿನ ಕೂಸು ಸ್ವಭಾವತಃ ಬಹಳ ಕಡಿಮೆ ಆಮ್ಲಜನಕದಲ್ಲಿ ಬೆಳೆಯುವಂಥದು; ಎತ್ತರದ ಗಿರಿಶಿಖರದ ಮೇಲೆ ವಾಸಮಾಡುವವರಂತೆ ಅದರ ಸ್ಥಿತಿ. ಅದಕ್ಕೆ ತಕ್ಕಂತೆ ಪ್ರಕೃತಿಯು ಅದರ ರಕ್ತಕ್ಕೆ ಬೇರೆ ಬಗೆಯ ಹಿಮೋಗ್ಲೋಬಿನ್ ಕೊಟ್ಟಿದೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಗಟ್ಟಿಯಾಗಿ ಸೆಳೆದುಕೊಳ್ಳುವ ಶಕ್ತಿ ಅದಕ್ಕುಂಟು. ಆದ್ದರಿಂದ ಆರೋಗ್ಯವಾಗಿರುವ ತಾಯಿಯ ಕೂಸಿಗೆ ವಿಮಾನದ ಗಾಳಿ ಕೊರತೆಯಾಗುವುದಿಲ್ಲ. ತಾಯಿಗೆ ತೀವ್ರವಾದ ರಕ್ತಹೀನತೆ, ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ, ಏರಿದ ರಕ್ತದೊತ್ತಡ, ರಕ್ತಸ್ರಾವ ಇದ್ದರೆ ಮಾತು ಬೇರೆ. ಅಂಥವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಅಪರೂಪವಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಗಾಳಿಯ ವಿಷಯದಲ್ಲಿ ಇಷ್ಟು ಧೈರ್ಯ ಬಂದ ಮೇಲೆ, ಯಾರೂ ಎಣಿಸದಿದ್ದ ಇನ್ನೊಂದು ಅಪಾಯ ಬೇರೆ ದಿಕ್ಕಿನಿಂದ ತಿಳಿದುಬಂದಿತು. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬಿನ ಮಳೆಯಾಗುತ್ತಿದ್ದಾಗ ಜನ ರಾತ್ರಿಯೆಲ್ಲ ಆಶ್ರಯಸ್ಥಾನಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕುಳಿತಿರುತ್ತಿದ್ದರು. ಅವರಲ್ಲಿ ಕೆಲವರು ಬಾಂಬು ತಗಲದೆಯೇ ಥಟ್ಟನೆ ಸತ್ತರು. ಕೀತ್ ಸಿಂಪ್ಸನ್ ಎಂಬ ವೈದ್ಯರು ಪರೀಕ್ಷಿಸಿ ನೋಡಲಾಗಿ, ಅಲುಗಾಡದೆ ಕುಳಿತ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತೆಂದು ತಿಳಿಯಿತು. 1954ರಲ್ಲಿ ಬಾಸ್ಟನ್ನಿನ ಜಾನ್ ಹೋಮನ್ಸ್ ಎಂಬ ಶಸ್ತ್ರವೈದ್ಯರು ಇದೇ ಕೇಡು ದೀರ್ಘ ವಿಮಾನಪ್ರಯಾಣದಲ್ಲಿಯೂ ಆಗುವುದೆಂದು ಬರೆದರು. ಹೆರಿಗೆಯಲ್ಲಿ ರಕ್ತ ಸೋರಿಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಸ್ವಭಾವತಃ ಹೆಪ್ಪುಗಟ್ಟುವ ಗುಣ ಹೆಚ್ಚು. ಅವಳನ್ನು ಹತ್ತು ಹದಿನೈದು ಗಂಟೆ ಇಕ್ಕಟ್ಟಾದ ಆಸನದಲ್ಲಿ ಕೂರಿಸಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಇದಕ್ಕೆ ಪರಿಹಾರ ಸುಲಭ. ನಡುಹಾದಿಯ ಪಕ್ಕದ ಆಸನ ಕೇಳಿ ಪಡೆಯುವುದು, ಆಗಾಗ ಎದ್ದು ನಾಲ್ಕು ಹೆಜ್ಜೆ ಅಡ್ಡಾಡುವುದು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ನೀರು ಕುಡಿಯುವುದು, ವೈದ್ಯರು ಹೇಳಿದರೆ ಬಿಗಿಯಾದ ಕಾಲುಚೀಲ ಹಾಕಿಕೊಳ್ಳುವುದು. ಮೇಲೆ ಮೇಲೆ ಎದ್ದರೆ ಪಕ್ಕದವರಿಗೆ ತೊಂದರೆಯಾದೀತೆಂದು ಸಂಕೋಚಪಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಇಂಥ ಹೊತ್ತಿನಲ್ಲಿ ಸಂಕೋಚ ಸಲ್ಲದು. ಆಸನದ ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿಯಬಾರದು. ಹೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಮೇಲೆ ಹಾದುಹೋಗುವಂತೆ ಹಾಕಿಕೊಳ್ಳಬೇಕು.

ಇನ್ನು ವಿಮಾನ ಕಂಪೆನಿಗಳ ಕಟ್ಟಳೆ. ಅವು ತಿಂಗಳನ್ನಲ್ಲ, ವಾರವನ್ನು ಎಣಿಸುತ್ತವೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಈ ಎಣಿಕೆ ಪ್ರಾರಂಭ. ಸಾಮಾನ್ಯವಾಗಿ 28 ವಾರ ಕಳೆದ ಮೇಲೆ ವೈದ್ಯರ ಪತ್ರವನ್ನು ಕೇಳುತ್ತವೆ. 36 ವಾರವಾದ ಮೇಲೆ ಬಹುಮಟ್ಟಿಗೆ ಯಾರೂ ಹತ್ತಿಸಿಕೊಳ್ಳುವುದಿಲ್ಲ. ಅವಳಿಯಾದರೆ ಸಾಮಾನ್ಯವಾಗಿ 32 ವಾರಕ್ಕೇ ತಡೆ. ಕಂಪೆನಿಯಿಂದ ಕಂಪೆನಿಗೆ ಒಂದೆರಡು ವಾರಗಳ ವ್ಯತ್ಯಾಸವಿರುವುದರಿಂದ ಟಿಕೆಟ್ಟು ಕೊಳ್ಳುವ ಮೊದಲೇ ವಿಚಾರಿಸಬೇಕು. ಈ ತಡೆಗೆ ಕಾರಣ ಆಕಾಶವಲ್ಲ, ಆಕಾಶದಲ್ಲಿ ಆಸರೆಯಿಲ್ಲದಿರುವುದು. ನಡುಗಡಲಿನ ಮೇಲೆ ನೋವು ಕಾಣಿಸಿಕೊಂಡರೆ ಹತ್ತಿರದ ಆಸ್ಪತ್ರೆ ಗಂಟೆಗಟ್ಟಲೆ ದೂರ. ಚರಕ ಸುಶ್ರುತರ ಭಯದಲ್ಲಿ ಅರ್ಧ ಹೋಯಿತು, ಅರ್ಧ ಉಳಿಯಿತು ಎನ್ನಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ನಾಲ್ಕು ವಾರಕ್ಕೊಂದು ತಿಂಗಳೆಂದು ಲೆಕ್ಕಹಾಕಿದರೆ 28 ವಾರಕ್ಕೆ ಸರಿಯಾಗಿ ಏಳು ತಿಂಗಳು. ನಮ್ಮ ಹಿರಿಯರು ಮಗಳನ್ನು ತವರಿಗೆ ಕರೆತರಲು ಆರಿಸಿಕೊಂಡ ಕಾಲವೂ ಅದೇ. ವಾಂತಿ, ಸಂಕಟಗಳ ಮೊದಲ ಮೂರು ತಿಂಗಳು ಕಳೆದಿರಬೇಕು, ದಿನ ತುಂಬುವುದು ದೂರವಿರಬೇಕು ಎಂಬ ಅನುಭವ ಅವರದು. ನಡುವಿನ ತಿಂಗಳುಗಳೇ ಪ್ರಯಾಣಕ್ಕೆ ಮೇಲೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ದೇಹದ ವಿಚಾರ ಆಯಿತು. ಇನ್ನು ಕಾಗದಪತ್ರದ ವಿಚಾರ. ಶಕುಂತಲೆಯ ಕಥೆ ಎಲ್ಲರಿಗೂ ತಿಳಿದುದೇ. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ನಾಟಕವನ್ನು ಕನ್ನಡಕ್ಕೆ ತಂದಂದಿನಿಂದ ನಮ್ಮ ರಂಗಭೂಮಿಯಲ್ಲಿ ಬೆಳೆದ ಕಥೆ ಅದು. ಗರ್ಭಿಣಿಯಾಗಿ ದೂರದ ರಾಜಧಾನಿಗೆ ಹೋದವಳನ್ನು ಅಲ್ಲಿ ಗುರುತು ಕೇಳಿದರು. ಉಂಗುರ ನೀರಿನಲ್ಲಿ ಕಳೆದುಹೋಗಿತ್ತು. ಇಂದಿನ ಶಕುಂತಲೆಯ ಉಂಗುರವೆಂದರೆ ಪಾಸ್‌ಪೋರ್ಟು, ವೀಸಾ ಮತ್ತು ವೈದ್ಯರ ಪತ್ರ. ಒಂದು ಮರೆತರೂ ಬಾಗಿಲಲ್ಲೇ ನಿಲ್ಲಬೇಕಾದೀತು. ಆಕಾಶದಲ್ಲಿ ಹುಟ್ಟಿದ ಮಗು ಯಾವ ದೇಶದ್ದು ಎಂಬ ಕುತೂಹಲವೂ ಹಲವರಿಗುಂಟು. ಹಡಗಿನ ಕಾಲದಿಂದ ಬಂದ ಒಂದು ತತ್ತ್ವವನ್ನು ಇಲ್ಲಿಯೂ ಅನುಸರಿಸಿದ್ದಾರೆ. ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ, ಹಡಗಿನಲ್ಲಾಗಲಿ ವಿಮಾನದಲ್ಲಾಗಲಿ ಹುಟ್ಟಿದ ಮಗುವನ್ನು, ಆ ವಾಹನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿ ಹುಟ್ಟಿತೆಂದು ಎಣಿಸಬೇಕು. ಯಾವ ದೇಶಕ್ಕೂ ಸೇರದೆ ಅನಾಥವಾಗುವ ಮಗುವಿನ ರಕ್ಷಣೆಗಾಗಿ 1961ರ ಅಂತರರಾಷ್ಟ್ರೀಯ ಒಪ್ಪಂದವೊಂದು ಇದೇ ತತ್ತ್ವವನ್ನು ಹೇಳುತ್ತದೆ. ಆದರೆ ಜನ್ಮಸ್ಥಳವೊಂದರಿಂದಲೇ ಎಲ್ಲ ದೇಶಗಳೂ ಪೌರತ್ವವನ್ನು ಕೊಡುವುದಿಲ್ಲ. ಭಾರತೀಯ ದಂಪತಿಗಳಿಗೆ ಹೊರದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗಾಗಿ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕೆಂಬ ನಿಯಮವನ್ನು ಮನೆಯವರು ಮರೆಯಬಾರದು.

ಪ್ರಯಾಣಿಕಳಲ್ಲದೆ ವಿಮಾನದಲ್ಲಿ ಕೆಲಸಮಾಡುವ ಹೆಂಗಸಿನ ಕಥೆಯೂ ಈ ಇತಿಹಾಸಕ್ಕೆ ಸೇರಿದುದು. ಏರ್ ಇಂಡಿಯಾದ ಗಗನಸಖಿಯರಿಗೆ ಒಂದು ಕಾಲದಲ್ಲಿ ಮೂರು ಕಟ್ಟುಗಳಿದ್ದುವು. ಮೂವತ್ತೈದು ವರ್ಷ ವಯಸ್ಸಾದರೆ, ಕೆಲಸಕ್ಕೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಬಸುರಿಯಾದರೆ, ಯಾವುದು ಮೊದಲೋ ಆಗ ಕೆಲಸ ಬಿಡಬೇಕು. ನರ್ಗೀಸ್ ಮಿರ್ಜಾ ಮತ್ತು ಅವರ ಜೊತೆಯವರು ಇದನ್ನು ನ್ಯಾಯಾಲಯಕ್ಕೆ ಒಯ್ದರು. 1981ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯವು, ಬಸುರಿಯಾದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಸಂವಿಧಾನದ ಹದಿನಾಲ್ಕನೆಯ ವಿಧಿಯ ಸಮಾನತೆಗೆ ವಿರುದ್ಧವೆಂದೂ ಭಾರತದ ಸ್ತ್ರೀತ್ವಕ್ಕೆ ಅಪಮಾನವೆಂದೂ ಹೇಳಿ ಆ ನಿಯಮವನ್ನು ರದ್ದುಮಾಡಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಹಿಡಿದ ಹೋರಾಟದಲ್ಲಿ ಅರ್ಧ ಗೆಲುವು. ನಲವತ್ತು ವರ್ಷಗಳ ಮೇಲೆ, 2021ರ ಜನವರಿಯಲ್ಲಿ, ಅದೇ ಕಂಪೆನಿಯ ವಿಮಾನವೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ, ಎಲ್ಲಿಯೂ ಇಳಿಯದೆ, ಮಹಿಳಾ ಚಾಲಕರ ತಂಡವೇ ಬೆಂಗಳೂರಿಗೆ ತಂದಿಳಿಸಿತು.

ಕಟ್ಟಳೆಗಳೆಲ್ಲ ಶಾಂತಿಕಾಲದ ಮಾತು. ಆಪತ್ಕಾಲದಲ್ಲಿ ವಾರ ಎಣಿಸುತ್ತ ಕೂರಲಾಗದು. 1991ರ ಮೇ 24, 25ರಂದು ಅಂತರ್ಯುದ್ಧದ ಇಥಿಯೋಪಿಯದಿಂದ ಅಲ್ಲಿನ ಯೆಹೂದ್ಯರನ್ನು ಇಸ್ರೇಲಿಗೆ ಸಾಗಿಸಿದಾಗ, ಸುಮಾರು 36 ಗಂಟೆಗಳಲ್ಲಿ 14,000ಕ್ಕೂ ಹೆಚ್ಚು ಜನ ಹಾರಿಹೋದರು. ಆಸನಗಳನ್ನು ಕಿತ್ತು ಜಾಗಮಾಡಿದ ಒಂದೇ ವಿಮಾನದಲ್ಲಿ ಸಾವಿರಕ್ಕೂ ಮೀರಿ ಜನರಿದ್ದರು. ಆ ಪ್ರಯಾಣಗಳಲ್ಲಿ ಕೆಲವು ಮಕ್ಕಳು ಆಕಾಶದಲ್ಲಿಯೇ ಹುಟ್ಟಿದುವು. 2021ರ ಆಗಸ್ಟ್ 21ರಂದು ಆಫ್ಘಾನಿಸ್ತಾನದಿಂದ ಪಾರಾಗಿ ಬಂದ ಗರ್ಭಿಣಿಯೊಬ್ಬಳನ್ನು ಅಮೆರಿಕದ ಸೈನ್ಯದ ವಿಮಾನ ಜರ್ಮನಿಗೆ ಒಯ್ಯುತ್ತಿತ್ತು. ದಾರಿಯಲ್ಲಿ ನೋವು ಪ್ರಾರಂಭವಾಗಿ, ಅವಳ ರಕ್ತದೊತ್ತಡ ಕುಸಿಯಿತು. ವಿಮಾನದ ನಾಯಕನು ಎತ್ತರವನ್ನು ಇಳಿಸಿದನು, ಒಳಗಿನ ಗಾಳಿಯ ಒತ್ತಡ ಏರಿತು, ತಾಯಿ ಚೇತರಿಸಿಕೊಂಡಳು. ವಿಮಾನ ನೆಲ ಮುಟ್ಟಿದ ಮೇಲೆ ಅದರೊಳಗೇ ಹೆಣ್ಣುಮಗು ಹುಟ್ಟಿತು. 1930ರ ಸಾಹಸದಲ್ಲಿ ಎತ್ತರಕ್ಕೆ ಏರಿದ್ದು ದಾಖಲೆಗಾಗಿ. ಇಲ್ಲಿ ಇಳಿದದ್ದು ಜೀವಕ್ಕಾಗಿ. ಗಾಳಿಯ ಗುಣವನ್ನು ಅರಿತಿದ್ದರಿಂದ ಆ ಬುದ್ಧಿ ಹೊಳೆಯಿತು.

ಇಷ್ಟನ್ನೂ ನೋಡಿದ ಮೇಲೆ ಅಜ್ಜಿಗೂ ಅಳಿಯಂದಿರಿಗೂ ಹೇಳಬಹುದಾದ ಮಾತು ಒಂದೇ. ಹಿರಿಯರ ನಿಷೇಧಕ್ಕೆ ಕಾರಣವಿತ್ತು. ಆ ಕಾರಣದಲ್ಲಿ ಕೆಲವಂಶ ತೀರಿಹೋಗಿದೆ, ಕೆಲವಂಶ ಉಳಿದಿದೆ, ಹೊಸದೂ ಸ್ವಲ್ಪ ಸೇರಿದೆ. ಯಾವುದು ಯಾವುದೆಂದು ತಿಳಿಯದೆ ಬೇಡವೆನ್ನುವುದೂ ಸರಿಯಲ್ಲ, ಏನೂ ಆಗುವುದಿಲ್ಲವೆನ್ನುವುದೂ ಸರಿಯಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮುಚ್ಚಿಡುವುದು. ಟಿಕೆಟ್ಟಿನ ದುಡ್ಡು ಹೋದೀತೆಂದು ವಾರಗಳನ್ನು ಕಡಿಮೆ ಹೇಳಿ, ಸಡಿಲವಾದ ಬಟ್ಟೆಯಲ್ಲಿ ಹೊಟ್ಟೆಯನ್ನು ಮರೆಸಿ ಹತ್ತಿಸುವವರುಂಟು. ಅವರು ವಂಚಿಸುವುದು ಕಂಪೆನಿಯನ್ನಲ್ಲ, ತಮ್ಮ ಮನೆಯ ಹೆಣ್ಣುಮಗಳನ್ನು. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಮಗಳು ಬರಲಾಗದಿದ್ದರೆ ತಾಯಿಯೇ ಅಲ್ಲಿಗೆ ಹೋಗಿ ಬಾಣಂತನ ಮಾಡಿ ಬರುವುದು ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ತವರು ಎಂದರೆ ಊರಿನ ಹೆಸರಲ್ಲ, ಹೆತ್ತವಳ ಕೈಯಾಸರೆ. ಅದು ದೊರೆಯುವ ಹಾಗಿದ್ದರೆ ಇಬ್ಬರಲ್ಲಿ ಯಾರು ವಿಮಾನ ಹತ್ತಿದರೂ ರೂಢಿಗೆ ಕೊರತೆಯಿಲ್ಲ.